ನಿರ್ದೇಶ, ನಿಕ್ಷೇಪ ಮತ್ತು ಏಜೆಂಟುಗಳು: ತಂತ್ರಾಂಶ ಉಪಕರಣಗಳ ವಿವರಣೆ ನಡೆದುಬಂದ ದಾರಿ

೧೯೫೨ರ ಮೇ ತಿಂಗಳಿನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಗಣಕಶಾಸ್ತ್ರಜ್ಞರ ಸಮ್ಮೇಳನವೊಂದು ನಡೆಯಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಕಯಂತ್ರದೊಡನೆ ಪಳಗಿದ್ದ ೨೫ ವರ್ಷದ ಡೇವಿಡ್ ವೀಲರ್ ಅದಕ್ಕಾಗಿ ಬರೆದ ಪ್ರಬಂಧ ಎರಡೇ ಪುಟದ್ದು. ವಿಷಯ ಸಬ್‌ರೂಟೀನುಗಳ ಬಳಕೆ. ಒಮ್ಮೆ ಬರೆದಿಟ್ಟ ಲೆಕ್ಕದ ತುಂಡೊಂದನ್ನು ಬೇರೆ ಬೇರೆ ಲೆಕ್ಕಗಳಲ್ಲಿ ಮತ್ತೆ ಮತ್ತೆ ಬಳಸುವ ಉಪಾಯಕ್ಕೆ ಆ ಹೆಸರು. ವರ್ಗಮೂಲ ತೆಗೆಯುವ ಕ್ರಮವನ್ನು ಒಬ್ಬನು ಸರಿಯಾಗಿ ಬರೆದಿಟ್ಟರೆ ಉಳಿದವರು ಅದನ್ನೇ ಎತ್ತಿಕೊಳ್ಳಬಹುದು, ಪ್ರತಿಯೊಬ್ಬನೂ ಮೊದಲಿನಿಂದ ತೊಡಗಬೇಕಾಗಿಲ್ಲ. ಇದನ್ನೆಲ್ಲ ವಿವರಿಸಿದ ಮೇಲೆ ವೀಲರ್ ಇನ್ನೊಂದು ಮಾತನ್ನು ಸೇರಿಸಿದ್ದಾನೆ: ಸಬ್‌ರೂಟೀನನ್ನು ಬರೆದು, ಪರೀಕ್ಷಿಸಿ, ಸಂಗ್ರಹದಲ್ಲಿ ಇರಿಸಿದ ನಂತರವೂ ದೊಡ್ಡ ಕೆಲಸವೊಂದು ಉಳಿದಿರುತ್ತದೆ. ಅದರ ಒಳಗನ್ನು ಅರಿಯದವರೂ ಸುಲಭವಾಗಿ ಬಳಸುವಂತೆ ಅದಕ್ಕೊಂದು ವಿವರಣೆಯನ್ನು ಬರೆಯಬೇಕು. ಬಹುಶಃ ಎಲ್ಲಕ್ಕಿಂತ ಕಠಿನವಾದ ಕೆಲಸ ಅದೇ.

ಎಪ್ಪತ್ತು ವರ್ಷಗಳ ನಂತರ ಈ ಮಾತಿಗೆ ಹೊಸ ಅರ್ಥ ಬಂದಿದೆ. ಇಂದು ಕೃತಕ ಬುದ್ಧಿಮತ್ತೆಯ ಭಾಷಾಮಾದರಿಗಳು ಮಾತಿಗೆ ಉತ್ತರ ಕೊಡುವುದರ ಜೊತೆಗೆ ಏಜೆಂಟುಗಳಾಗಿ ಕೆಲಸವನ್ನೂ ಮಾಡುತ್ತಿವೆ. ದಾಖಲೆಗಳನ್ನು ಹುಡುಕುತ್ತವೆ, ಪತ್ರ ಕಳುಹಿಸುತ್ತವೆ, ಕಡತಗಳನ್ನು ತಿದ್ದುತ್ತವೆ, ಅಳಿಸುತ್ತವೆ. ಇದಕ್ಕೆ ಅವು ಅವಲಂಬಿಸುವುದು ಎಪಿಐ ಎಂಬ ಬಾಗಿಲನ್ನು, ಅಂದರೆ ಒಂದು ತಂತ್ರಾಂಶವು ಇನ್ನೊಂದರ ಸೇವೆಯನ್ನು ಪಡೆಯಲು ಗೊತ್ತುಮಾಡಿದ ಮಾರ್ಗವನ್ನು. ಬಾಗಿಲಿನ ಮೇಲೆ ಬರೆದ ನಾಲ್ಕಾರು ವಾಕ್ಯಗಳನ್ನು ಓದಿಯೇ ಏಜೆಂಟು ಒಳಹೋಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಆ ವಾಕ್ಯಗಳ ಇತಿಹಾಸ ಈ ಲೇಖನದ ವಸ್ತು.

ಕೇಂಬ್ರಿಜ್‌ನ ಎಡ್‌ಸ್ಯಾಕ್ ಗಣಕ ೧೯೪೯ರ ಮೇ ೬ರಂದು ಮೊದಲ ಲೆಕ್ಕವನ್ನು ಮಾಡಿತು. ೧೯೫೧ರಲ್ಲಿ ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಸೇರಿ ಬರೆದ ಪ್ರೋಗ್ರಾಂ ರಚನೆಯ ಗ್ರಂಥ ಹೊರಬಂತು. ಅದರ ಒಂದು ದೊಡ್ಡ ಭಾಗ ಸಬ್‌ರೂಟೀನುಗಳ ವಿವರಣೆಗೇ ಮೀಸಲು. ರಂಧ್ರ ಕೊರೆದ ಕಾಗದದ ಪಟ್ಟಿಗಳನ್ನು ಕಪಾಟಿನಲ್ಲಿ ವರ್ಗವಾರು ಜೋಡಿಸಿಡುತ್ತಿದ್ದರು. ಪ್ರತಿಯೊಂದಕ್ಕೂ ಅಕ್ಷರಸಂಜ್ಞೆ, ಅದು ಆಕ್ರಮಿಸುವ ಸ್ಥಾನಗಳ ಸಂಖ್ಯೆ, ತೆಗೆದುಕೊಳ್ಳುವ ಕಾಲ, ಸಂಖ್ಯೆಯನ್ನು ಎಲ್ಲಿ ಇಡಬೇಕು, ಉತ್ತರ ಎಲ್ಲಿ ದೊರೆಯುತ್ತದೆ ಎಂಬ ವಿವರ. ಎಡ್‌ಸ್ಯಾಕ್‌ನಲ್ಲಿ ಸಂಖ್ಯೆಗಳು -೧ ಮತ್ತು ೧ರ ನಡುವಿನ ಭಿನ್ನರಾಶಿಗಳಾಗಿಯೇ ನಿಲ್ಲಬೇಕಾಗಿದ್ದುದರಿಂದ ಯಾವ ಮಿತಿಯೊಳಗಿನ ಸಂಖ್ಯೆಯನ್ನು ಕೊಡಬೇಕೆಂಬುದೂ ಮುಖ್ಯವಾಗಿತ್ತು. ಮಿತಿ ಮೀರಿದರೆ ಯಂತ್ರ ಆಕ್ಷೇಪಿಸುತ್ತಿರಲಿಲ್ಲ, ತಪ್ಪು ಉತ್ತರವನ್ನು ಕೊಟ್ಟು ಮುಂದೆ ಸಾಗುತ್ತಿತ್ತು.

ಆದರೂ ಆ ಓದುಗನಿಗೆ ಒಂದು ಸೌಲಭ್ಯವಿತ್ತು. ವಿವರಣೆಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಅದನ್ನು ಬರೆದವನು ಅದೇ ಕಟ್ಟಡದಲ್ಲಿದ್ದ, ಹೋಗಿ ಕೇಳಬಹುದಾಗಿತ್ತು. ಬರಹದ ಕೊರತೆಯನ್ನು ಸಾಮೀಪ್ಯ ತುಂಬುತ್ತಿತ್ತು. ಇಲ್ಲಿಂದ ಮುಂದಿನ ಇತಿಹಾಸವನ್ನು ಈ ಸಾಮೀಪ್ಯ ಹಂತಹಂತವಾಗಿ ಕಳೆದುಹೋದ ಕಥೆಯೆಂದು ನಾನು ಓದುತ್ತೇನೆ.

ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ೧೯೭೧ರ ನವೆಂಬರ್ ೩ರ ದಿನಾಂಕದೊಡನೆ ಹೊರತಂದ ಯುನಿಕ್ಸ್ ಕೈಪಿಡಿಯಲ್ಲಿ ಆ ಸಾಮೀಪ್ಯ ಇನ್ನೂ ಉಳಿದಿತ್ತು. ಅದರಲ್ಲಿ ಪ್ರತಿ ಆಜ್ಞೆಗೂ ಹೆಸರು, ಬಳಸುವ ರೂಪ, ವಿವರಣೆ, ಸಂಬಂಧಪಟ್ಟ ಕಡತಗಳು ಎಂಬ ಉಪಶೀರ್ಷಿಕೆಗಳಿವೆ. ನನ್ನ ಗಮನವನ್ನು ಹಿಡಿದು ನಿಲ್ಲಿಸಿದವು ಕೊನೆಯ ಎರಡು. ಒಂದು ದೋಷಗಳದ್ದು: ಈ ಉಪಕರಣ ಎಲ್ಲಿ ಎಡವುತ್ತದೆ ಎಂಬುದನ್ನು ಅದನ್ನು ಮಾಡಿದವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ತನ್ನ ದೋಷವನ್ನು ಗುರುವಿನ ಮುಂದೆ ತಾನೇ ಹೇಳಿಕೊಳ್ಳುವ ಆಲೋಚನಾವಿಧಿಯನ್ನು ಬಲ್ಲ ನಮ್ಮಂಥವರಿಗೆ ಇದು ಆಪ್ತವೆನಿಸಿದರೆ ಆಶ್ಚರ್ಯವಿಲ್ಲ. ಇನ್ನೊಂದು ಒಡೆಯನದ್ದು: ತೊಂದರೆಯಾದರೆ ಯಾರನ್ನು ಕೇಳಬೇಕು ಎಂಬ ಹೆಸರು. ಕೊನೆಯದಾಗಿ ಯಾರು ತಿದ್ದಿದರೋ ಅವರೇ ಒಡೆಯರು ಎಂಬುದು ಅಲ್ಲಿಯ ನಿಯಮ. ಆದ್ದರಿಂದ ಒಡೆಯನೇ ಕರ್ತೃವಾಗಿರಬೇಕೆಂದಿಲ್ಲ.

ಇದಕ್ಕೆ ತುಸು ಮೊದಲು, ೧೯೬೮ರ ಒಂದು ಪ್ರಬಂಧದಲ್ಲಿ, ಎಪಿಐ ಎಂಬ ಹೆಸರಿನ ಪೂರ್ಣರೂಪ ಕಾಣಿಸಿಕೊಂಡಿತ್ತು. ೧೯೭೨ರಲ್ಲಿ ಡೇವಿಡ್ ಪಾರ್ನಾಸ್ ತಂತ್ರಾಂಶದ ಘಟಕಗಳನ್ನು ವಿವರಿಸುವ ಕ್ರಮದ ಬಗ್ಗೆ ಬರೆಯುತ್ತ ಕಟ್ಟುನಿಟ್ಟಾದ ನಿಲುವೊಂದನ್ನು ತಳೆದ. ಘಟಕವನ್ನು ಸರಿಯಾಗಿ ಬಳಸಲು ಬೇಕಾದುದೆಲ್ಲವೂ ವಿವರಣೆಯಲ್ಲಿರಬೇಕು, ಅದಕ್ಕಿಂತ ಹೆಚ್ಚಿನದೇನೂ ಇರಕೂಡದು. ಮೊದಲ ಅರ್ಧವನ್ನು ಎಲ್ಲರೂ ಒಪ್ಪುತ್ತಾರೆ, ಎರಡನೆಯದು ರೂಢಿಗೆ ಬರಲು ಕಷ್ಟ. ಬರೆಯುವವನಿಗೆ ತಾನು ಒಳಗೆ ಪಟ್ಟ ಪಾಡನ್ನೂ ತೋಡಿಕೊಳ್ಳುವ ಚಪಲವಿರುತ್ತದೆ. ಟೀಕಾಗ್ರಂಥಗಳನ್ನು ಓದುವವರಿಗೆ ಇದು ಪರಿಚಿತ ವ್ಯಾಧಿ.

ಹೇಳಬೇಕಾದುದು ಅತಿವಿಸ್ತಾರದ ನಡುವೆ ಹೂತುಹೋದರೆ ಏನಾಗುತ್ತದೆ ಎಂಬುದಕ್ಕೆ ೧೯೯೬ರ ಜೂನ್ ೪ರ ಘಟನೆ ಸಾಕ್ಷಿ. ಯುರೋಪಿನ ಏರಿಯಾನ್ ೫ ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಸುಮಾರು ೪೦ ಸೆಕೆಂಡುಗಳಲ್ಲಿ, ಛಿದ್ರವಾಯಿತು. ಅದರ ದಿಕ್ಕು ಮತ್ತು ಚಲನೆಯನ್ನು ಅಳೆಯುವ ತಂತ್ರಾಂಶ ಹಿಂದಿನ ಏರಿಯಾನ್ ೪ರಿಂದ ಬಂದದ್ದು. ಅದರಲ್ಲೊಂದು ಕಡೆ ೬೪ ಬಿಟ್‌ಗಳ ಸಂಖ್ಯೆಯನ್ನು ೧೬ ಬಿಟ್‌ಗಳ ಸ್ಥಾನಕ್ಕೆ ಇಳಿಸುವ ಕ್ರಿಯೆಯಿತ್ತು. ಹಳೆಯ ರಾಕೆಟ್ಟಿನ ವೇಗಕ್ಕೆ ಆ ಸ್ಥಾನ ಸಾಕಾಗುತ್ತಿತ್ತು, ಹೊಸದರ ವೇಗಕ್ಕೆ ಸಾಲಲಿಲ್ಲ. ಇಂಥ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಕಾವಲಿಟ್ಟು ಮೂರನ್ನು ಹಾಗೆಯೇ ಬಿಟ್ಟಿದ್ದರು. ಬಿಟ್ಟ ಕಾರಣ ಪ್ರೋಗ್ರಾಮಿನಲ್ಲಿ ಬರೆದಿರಲಿಲ್ಲ. ದಾಖಲೆಗಳ ರಾಶಿಯಲ್ಲಿ ಎಲ್ಲೋ ಇದ್ದುದು ಹೊರಗಿನ ಪರಿಶೀಲಕರ ಕಣ್ಣಿಗೆ ಬೀಳುವಂತಿರಲಿಲ್ಲ ಎಂದು ತನಿಖಾ ಮಂಡಳಿ ಗುರುತಿಸಿತು. ಇದಕ್ಕಿಂತ ವಿಚಿತ್ರವಾದುದು ಮುಂದಿನ ಸಂಗತಿ. ಅಳೆಯುವ ಘಟಕ ಸ್ಥಗಿತಗೊಳ್ಳುವಾಗ ತನ್ನ ದೋಷದ ಸೂಚನೆಯನ್ನು ಹೊರಗೆ ಕಳುಹಿಸಿತು. ಮುಖ್ಯ ಗಣಕ ಅದನ್ನು ಹಾರಾಟದ ಅಳತೆಯೆಂದೇ ಓದಿ, ಇಲ್ಲದ ಓರೆಯನ್ನು ಸರಿಪಡಿಸಲು ರಾಕೆಟ್ಟನ್ನು ತಿರುಗಿಸಿತು. ‘ನಾನು ಕುರುಡಾಗಿದ್ದೇನೆ’ ಎಂಬ ಕೂಗು ‘ಎಡಕ್ಕೆ ತಿರುಗು’ ಎಂದು ಕೇಳಿಸಿದಂತೆ.

೧೯೯೯ರ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹದ ಬಳಿ ಕಳೆದುಹೋದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯ ಕಥೆ ಇದಕ್ಕೆ ಪೂರಕ, ಆದರೆ ಅದೇ ಅಲ್ಲ. ಒಂದು ತಂತ್ರಾಂಶ ಪೌಂಡ್ ಮಾನದಲ್ಲಿ ಲೆಕ್ಕ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಮಾನವೆಂದು ತಿಳಿಯಿತು. ಇಲ್ಲಿ ವಿವರಣೆ ಸರಿಯಾಗಿಯೇ ಇತ್ತು. ಮೆಟ್ರಿಕ್ ಮಾನವೇ ಬೇಕೆಂದು ಅದು ಹೇಳಿತ್ತು. ಉಪಕರಣ ಅದನ್ನು ಪಾಲಿಸಲಿಲ್ಲ. ವಿವರಣೆ ಸ್ಪಷ್ಟವಾಗಿದ್ದರೆ ಎಲ್ಲವೂ ಸರಿಹೋಗುತ್ತದೆಂದು ನಂಬುವವರು ಈ ನೌಕೆಯನ್ನು ನೆನೆಯಬೇಕು.

ಅಲ್ಲಿಂದ ಮುಂದೆ ಜಾಲದ ಯುಗ. ೨೦೧೧ರಲ್ಲಿ ವರ್ಡ್‌ನಿಕ್ ಎಂಬ ನಿಘಂಟಿನ ಸಂಸ್ಥೆಯಲ್ಲಿ ಸ್ವ್ಯಾಗರ್ ಎಂಬ ವಿವರಣಾಪದ್ಧತಿ ಹುಟ್ಟಿತು. ನಿಘಂಟುಕಾರರ ಮನೆಯಲ್ಲಿ ಅದು ಹುಟ್ಟಿತೆಂಬುದು ನನಗೆ ಸಂತೋಷದ ಸಂಗತಿ. ೨೦೧೬ರಲ್ಲಿ ಅದು ಓಪನ್ಎಪಿಐ ಎಂಬ ಹೆಸರು ಪಡೆಯಿತು. ಯಾವ ವಿಳಾಸಕ್ಕೆ ಏನನ್ನು ಕಳುಹಿಸಬೇಕು, ಅದು ಸಂಖ್ಯೆಯೋ ಅಕ್ಷರವೋ ಎಂಬುದನ್ನೆಲ್ಲ ಯಂತ್ರವೇ ಓದಬಲ್ಲ ರೂಪದಲ್ಲಿ ಬರೆಯುವ ಕ್ರಮ ಅದು. ಅದರೊಳಗೆ ‘ವಿವರಣೆ’ ಎಂಬ ಒಂದು ಅಂಕಣವೂ ಇತ್ತು. ಸಾಮಾನ್ಯ ಭಾಷೆಯಲ್ಲಿ ಎರಡು ಮಾತು ಬರೆಯಲು. ಯಂತ್ರ ಅದನ್ನು ದಾಟಿಕೊಂಡು ಹೋಗುತ್ತಿತ್ತು. ಓದುತ್ತಿದ್ದವನು ಮನುಷ್ಯ, ಅವನೂ ಪುರಸೊತ್ತಿದ್ದರೆ ಮಾತ್ರ. ಅನೇಕರು ಅದನ್ನು ಖಾಲಿ ಬಿಟ್ಟರು. ಇನ್ನು ಕೆಲವರು ಉಪಕರಣದ ಹೆಸರನ್ನೇ ವಾಕ್ಯವಾಗಿ ಹಿಗ್ಗಿಸಿ ಬರೆದರು: ಬಳಕೆದಾರನನ್ನು ಪಡೆ ಎಂಬ ಉಪಕರಣಕ್ಕೆ ‘ಬಳಕೆದಾರನನ್ನು ಪಡೆಯುತ್ತದೆ’ ಎಂಬ ವಿವರಣೆ.

೨೦೨೩ರಲ್ಲಿ ಈ ಅಂಕಣಕ್ಕೆ ಹೊಸ ಓದುಗ ದೊರೆತ. ಆ ವರ್ಷದ ಮಾರ್ಚ್‌ನಲ್ಲಿ ಓಪನ್‌ಎಐ ಸಂಸ್ಥೆ ಚಾಟ್‌ಜಿಪಿಟಿಗೆ ಪ್ಲಗಿನ್‌ಗಳನ್ನು ಪ್ರಕಟಿಸಿದಾಗ ಪ್ರತಿ ಪ್ಲಗಿನ್ನಿಗೂ ಎರಡು ವಿವರಣೆಗಳನ್ನು ಬರೆಯಬೇಕಾಗಿತ್ತು. ಒಂದು ಮನುಷ್ಯನಿಗಾಗಿ, ಇನ್ನೊಂದು ಮಾದರಿಗಾಗಿ. ಒಂದೇ ವಸ್ತುವಿಗೆ ಓದುಗಭೇದದಿಂದ ಎರಡು ನಿರ್ದೇಶ! ಅದೇ ಜೂನ್‌ನಲ್ಲಿ ಹೆಸರು, ವಿವರಣೆ, ಪ್ಯಾರಾಮೀಟರುಗಳು ಎಂಬ ಮೂರು ಅಂಗಗಳುಳ್ಳ ಫಂಕ್ಷನ್ ಕಾಲಿಂಗ್ ಬಂತು. ೨೦೨೪ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಸಂಸ್ಥೆ ಪ್ರಕಟಿಸಿದ ಎಂಸಿಪಿ ಎಂಬ ನಿಯಮಾವಳಿಯೂ ಉಪಕರಣವನ್ನು ಬಹುಮಟ್ಟಿಗೆ ಈ ಮೂರರಿಂದಲೇ ಪರಿಚಯಿಸುತ್ತದೆ.

ಈ ಹೊಸ ಓದುಗನ ಸ್ಥಿತಿಯನ್ನು ಯೋಚಿಸಿ ನೋಡಬೇಕು. ಸಾಮಾನ್ಯವಾಗಿ ಅವನಿಗೆ ಉಪಕರಣದ ಒಳಗು ಕಾಣದು. ಬರೆದವನ ಕೋಣೆಗೆ ಹೋಗಿ ಕೇಳುವಂತಿಲ್ಲ. ನಿನ್ನೆ ಎಡವಿದ್ದರಿಂದ ಕಲಿತದ್ದನ್ನು, ಯಾರಾದರೂ ಬರೆದಿಟ್ಟು ಮುಂದಿಡದಿದ್ದರೆ, ಇಂದು ನೆನೆಯಲಾರ. ಅವನ ಮುಂದೆ ಒಂದಲ್ಲ, ಹತ್ತಾರು ಉಪಕರಣಗಳ ವಿವರಣೆಗಳು ಒಟ್ಟಿಗೆ ಹರಡಿರುತ್ತವೆ. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಮಾತಿನಿಂದಲೇ ಬೇರ್ಪಡಿಸಿಕೊಳ್ಳಬೇಕು. ಮನುಷ್ಯ ಸಂಶಯ ಬಂದರೆ ತಡೆಯುತ್ತಾನೆ. ಏಜೆಂಟು ಎಷ್ಟೋ ಸಲ ಖಾಲಿ ಜಾಗವನ್ನು ಊಹೆಯಿಂದ ತುಂಬಿ ಕೆಲಸವನ್ನು ಮುಗಿಸಿಬಿಡುತ್ತದೆ.

ಒಂದು ಪದವನ್ನು ಬಳಸುವ ಮೊದಲು ಅದು ಯಾವ ಅರ್ಥದಲ್ಲಿ ನಿಂತಿದೆ ಎಂದು ಗೊತ್ತುಮಾಡಿಕೊಳ್ಳುವ ಶಿಸ್ತಿಗೆ ಜೈನ ಶಾಸ್ತ್ರದಲ್ಲಿ ನಿಕ್ಷೇಪವೆಂದು ಹೆಸರು. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂದು ಅದು ನಾಲ್ಕು ಬಗೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲೇ ಇದು ಬರುತ್ತದೆ. ಕನ್ನಡನಾಡಿನ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಇದರ ಪ್ರಯೋಜನವನ್ನು ಹೇಳುವಾಗ, ಪ್ರಸ್ತುತವಲ್ಲದ ಅರ್ಥವನ್ನು ದೂರವಿಡುವುದನ್ನೂ ಪ್ರಸ್ತುತವಾದುದನ್ನು ನಿರೂಪಿಸುವುದನ್ನೂ ಜೊತೆಜೊತೆಯಾಗಿ ಎಣಿಸುತ್ತಾರೆ. ಇಂದಿನ ಉಪಕರಣಗಳಲ್ಲಿ ಹೆಜ್ಜೆಹೆಜ್ಜೆಗೆ ಎದುರಾಗುವ ‘ಬಳಕೆದಾರ’ ಎಂಬ ಪ್ಯಾರಾಮೀಟರನ್ನೇ ತೆಗೆದುಕೊಳ್ಳೋಣ. ಅಲ್ಲಿ ತುಂಬಬೇಕಾದುದು ಅವನ ಹೆಸರೇ? ಅದು ನಾಮನಿಕ್ಷೇಪ. ಅವನಿಗೆ ಪ್ರತಿಯಾಗಿ ನಿಲ್ಲಿಸಿದ ಖಾತೆಯ ಸಂಖ್ಯೆಯೇ? ಅದು ಸ್ಥಾಪನೆ, ಚದುರಂಗದ ಮರದ ಕಾಯನ್ನು ರಾಜನೆಂದು ಕರೆದಂತೆ, ಆಕಾರಸಾಮ್ಯವಿಲ್ಲದ ಸ್ಥಾಪನೆ. ಹಿಂದೆ ಸದಸ್ಯನಾಗಿದ್ದವನು ಅಥವಾ ಆಹ್ವಾನ ಪಡೆದು ಇನ್ನೂ ಸೇರದವನು ಅದರಲ್ಲಿ ಸೇರುತ್ತಾನೆಯೆ? ಅದು ದ್ರವ್ಯ. ಈ ಕ್ಷಣದಲ್ಲಿ ಸದಸ್ಯನಾಗಿರುವವನು ಮಾತ್ರವೆ? ಅದು ಭಾವ. ಹೆಸರು ಬಯಸುವ ಕಡೆ ಸಂಖ್ಯೆ ಹೋದರೆ ಉಪಕರಣ ದೋಷ ತೋರಿಸೀತು. ದ್ರವ್ಯ-ಭಾವಗಳು ಬೆರೆತರೆ ದೋಷವೇ ಕಾಣುವುದಿಲ್ಲ, ಸಂಸ್ಥೆಯನ್ನು ಬಿಟ್ಟುಹೋದವನ ಕೈಗೆ ಪತ್ರ ತಲುಪಿರುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಎಲ್ಲವೂ ನಮ್ಮ ಪೂರ್ವಾಚಾರ್ಯರಿಗೆ ಗೊತ್ತಿತ್ತು ಎಂದು ಸಾಧಿಸುವ ಉದ್ದೇಶ ನನಗಿಲ್ಲ. ಅಂಥ ಬರಹಗಳಿಂದ ಆಚಾರ್ಯರಿಗೂ ಗೌರವವಿಲ್ಲ, ವಿಜ್ಞಾನಕ್ಕೂ ಲಾಭವಿಲ್ಲ. ಅವರ ಚಿಂತನೆ ಜೀವಾದಿ ತತ್ತ್ವಗಳ ಅರಿವಿಗಾಗಿ, ಮೋಕ್ಷಮಾರ್ಗಕ್ಕಾಗಿ. ನಾನು ತೋರಿಸಬಯಸುವುದು ಇಷ್ಟೇ: ಪದವೊಂದು ಓದುಗನ ಕೈಯಲ್ಲಿ ಜಾರುವ ದಾರಿಗಳನ್ನು ಅವರು ಎಣಿಸಿಟ್ಟಿದ್ದಾರೆ, ಜಾರುವ ದಾರಿಗಳು ಬದಲಾಗಿಲ್ಲ.

ನನಗೆ ಪರಿಚಿತವಾದ ಹಸ್ತಪ್ರತಿಗಳ ಕ್ಷೇತ್ರದಿಂದಲೇ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಓಲೆಗರಿ ಸಂಗ್ರಹವೊಂದರ ಸೂಚಿಯನ್ನು ಹುಡುಕಲು ಏಜೆಂಟಿಗೆ ಒಂದು ಉಪಕರಣವಿದೆ. ವಿವರಣೆ: ‘ವರ್ಷದ ಪ್ರಕಾರ ಹಸ್ತಪ್ರತಿಗಳನ್ನು ಹುಡುಕುತ್ತದೆ.’ ವಿದ್ಯಾರ್ಥಿಯೊಬ್ಬ ಚಾವುಂಡರಾಯಪುರಾಣದ ಪ್ರತಿಗಳನ್ನು ಕೇಳುತ್ತಾನೆ. ಆ ಕೃತಿಯ ಕಾಲ ಶಕ ೯೦೦, ಅಂದರೆ ಕ್ರಿ.ಶ. ೯೭೮. ಏಜೆಂಟು ೯೭೮ ಎಂದು ತುಂಬುತ್ತದೆ. ಸೂಚಿಯಲ್ಲಿ ಇರುವುದು ಶಕವರ್ಷ. ಅಲ್ಲಿಗೇ ೭೮ ವರ್ಷಗಳ ಅಂತರ ಬಿತ್ತು. ಅದನ್ನು ಸರಿಪಡಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಸೂಚಿ ದಾಖಲಿಸಿರುವುದು ಲಿಪಿಕಾರನು ಪ್ರತಿ ಮಾಡಿದ ವರ್ಷವನ್ನು, ಕವಿ ಬರೆದ ವರ್ಷವನ್ನಲ್ಲ. ಫಲಿತಾಂಶ ಶೂನ್ಯ. ಏಜೆಂಟು ವಿನಯದಿಂದಲೇ ವರದಿ ಮಾಡುತ್ತದೆ: ಈ ಕೃತಿಯ ಪ್ರತಿಗಳು ಸಂಗ್ರಹದಲ್ಲಿ ಇಲ್ಲ. ವಿದ್ಯಾರ್ಥಿ ನಂಬುತ್ತಾನೆ. ಒಂದು ಓಲೆಯ ಕಟ್ಟು, ಇದ್ದೂ, ಇಲ್ಲವಾಗುತ್ತದೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಓಲೆಗರಿಯನ್ನು ಪ್ರತಿ ಮಾಡಿದ ವರ್ಷದ ಪ್ರಕಾರ ಸೂಚಿಯಲ್ಲಿ ಹುಡುಕುತ್ತದೆ. ಕೃತಿ ರಚನೆಯಾದ ವರ್ಷ ಮಾತ್ರ ತಿಳಿದಿದ್ದರೆ ಇದನ್ನು ಬಳಸಬಾರದು. ಶೀರ್ಷಿಕೆಯಿಂದ ಹುಡುಕುವ ಉಪಕರಣವನ್ನು ಬಳಸಬೇಕು. ವರ್ಷವನ್ನು ಶಕಮಾನದ ಅಂಕಿಯಲ್ಲಿ ಕೊಡಬೇಕು. ಸಂವತ್ಸರದ ಹೆಸರನ್ನು ಸ್ವೀಕರಿಸುವುದಿಲ್ಲ. ಪುಷ್ಪಿಕೆಯಲ್ಲಿ ಕಾಲ ನಮೂದಾಗದ ಪ್ರತಿಗಳು ಇಲ್ಲಿ ಸಿಗವು. ಆದ್ದರಿಂದ ಶೂನ್ಯ ಬಂದರೆ ಪ್ರತಿಯೇ ಇಲ್ಲವೆಂದು ಹೇಳಬಾರದು. ಸೂಚಿಯನ್ನು ಓದುತ್ತದೆ, ಯಾವ ಬದಲಾವಣೆಯನ್ನೂ ಮಾಡುವುದಿಲ್ಲ.’ ಇದರಲ್ಲಿ ಹೆಚ್ಚಿನ ವಾಕ್ಯಗಳು ನಿಷೇಧಗಳೇ ಆಗಿರುವುದನ್ನು ಗಮನಿಸಬಹುದು. ಶೂನ್ಯದ ಅರ್ಥವನ್ನು ಹೇಳುವ ವಾಕ್ಯವನ್ನು ಏರಿಯಾನ್ ರಾಕೆಟ್ಟಿನ ದೋಷಸೂಚನೆಯನ್ನು ನೆನೆದೇ ಸೇರಿಸಿದೆ. ಪಾರ್ನಾಸ್ ಹೇಳಿದ ಮಿತಿಯನ್ನೂ ಇದು ಮೀರಿಲ್ಲವೆಂದು ಭಾವಿಸುತ್ತೇನೆ. ಸೂಚಿಯನ್ನು ಯಾವ ತಂತ್ರಾಂಶದಲ್ಲಿ ಇಟ್ಟಿದ್ದಾರೆ ಎಂಬ ಸುದ್ದಿ ಇದರಲ್ಲಿಲ್ಲ.

ಎಲ್ಲವನ್ನೂ ಮಾತಿನಿಂದಲೇ ಸಾಧಿಸಬೇಕಾಗಿಯೂ ಇಲ್ಲ. ಆಂಥ್ರೋಪಿಕ್‌ನವರು ೨೦೨೪ರ ಕೊನೆಯಲ್ಲಿ ತಮ್ಮದೇ ಅನುಭವವೊಂದನ್ನು ಬರೆದಿದ್ದಾರೆ. ಕಡತಗಳನ್ನು ತಿದ್ದುವ ಅವರ ಏಜೆಂಟು ಮೂಲ ಕೋಶವನ್ನು ಬಿಟ್ಟು ಬೇರೆಡೆಗೆ ಹೋದ ಮೇಲೆ, ತಾನು ನಿಂತ ಜಾಗದಿಂದ ದಾರಿ ಹೇಳುವಾಗ ತಪ್ಪುತ್ತಿತ್ತು. ಅವರು ಉಪಕರಣವನ್ನೇ ಬದಲಿಸಿ, ಪ್ರತಿಸಲವೂ ಮೂಲದಿಂದ ಪೂರ್ಣ ದಾರಿಯನ್ನು ಕೊಡಬೇಕೆಂದು ವಿಧಿಸಿದರು. ತಪ್ಪು ನಿಂತಿತು. ‘ಎಡಗಡೆಯ ಮನೆ’ ಎನ್ನುವ ಬದಲು ಊರು, ಬೀದಿ, ಮನೆಯ ಸಂಖ್ಯೆಯನ್ನೆಲ್ಲ ಹೇಳಿಸಿದಂತೆ. ಒಳ್ಳೆಯ ವಿವರಣೆಗೆ ತಿಣುಕಾಡುವಾಗ, ವಿವರಿಸಬೇಕಾದ ವಸ್ತುವೇ ಸೊಟ್ಟಗಿರಬಹುದೇ ಎಂದು ನೋಡುವುದು ಲೇಸು.

ತತ್ತ್ವಾರ್ಥಸೂತ್ರದ ಅದೇ ಅಧ್ಯಾಯ, ವಸ್ತುವನ್ನು ಅರಿಯಲು ನಿರ್ದೇಶ, ಸ್ವಾಮಿತ್ವ, ಸಾಧನ, ಅಧಿಕರಣ, ಸ್ಥಿತಿ, ವಿಧಾನ ಎಂಬ ಆರು ದ್ವಾರಗಳನ್ನು ಹೇಳುತ್ತದೆ. ಆರನ್ನೂ ಇಂದಿನ ಉಪಕರಣಗಳಿಗೆ ಹೊಂದಿಸುವ ಹಟ ನನಗಿಲ್ಲ. ಆದರೆ ಎರಡನ್ನು ಬಿಡಲಾಗದು. ಸ್ಥಿತಿ ಎಂದರೆ ಎಷ್ಟು ಕಾಲ ನಿಲ್ಲುತ್ತದೆ ಎಂಬುದು. ಉಪಕರಣ ಮಾಡಿದ ಕೆಲಸವನ್ನು ಹಿಂತೆಗೆದುಕೊಳ್ಳಬಹುದೆ, ‘ತೆಗೆದುಹಾಕು’ ಎಂದರೆ ಬದಿಗಿಡುವುದೋ ಶಾಶ್ವತವಾಗಿ ಅಳಿಸುವುದೋ ಎಂಬುದನ್ನು ಹೇಳದ ವಿವರಣೆ ಅಪಾಯಕಾರಿ. ೨೦೨೫ರ ಮಾರ್ಚ್‌ನ ಎಂಸಿಪಿ ಪರಿಷ್ಕರಣೆ ಇದಕ್ಕೆಂದೇ ಗುರುತುಗಳನ್ನು ಸೇರಿಸಿತು: ಓದುವುದು ಮಾತ್ರವೆ, ನಾಶಮಾಡಬಲ್ಲುದೆ, ಎರಡು ಸಲ ನಡೆಸಿದರೂ ಒಂದೇ ಪರಿಣಾಮವೆ ಎಂದು. ನಂಬಿಕೆಗೆ ಅರ್ಹವಾದ ಮೂಲದಿಂದ ಬಂದಿರದಿದ್ದರೆ ಆ ಗುರುತುಗಳನ್ನು ನಂಬಕೂಡದೆಂಬ ಎಚ್ಚರಿಕೆಯನ್ನೂ ಅದರಲ್ಲಿಯೇ ಕೊಟ್ಟಿದೆ.

ಆ ಎಚ್ಚರಿಕೆ ಏಕೆ ಬೇಕೆಂಬುದು ಮರುತಿಂಗಳೇ ಗೊತ್ತಾಯಿತು. ಇನ್‌ವೇರಿಯಂಟ್ ಲ್ಯಾಬ್ಸ್‌ನ ಸಂಶೋಧಕರು ಏಪ್ರಿಲ್‌ನಲ್ಲಿ ತೋರಿಸಿಕೊಟ್ಟದ್ದು ಇದು: ಎರಡು ಸಂಖ್ಯೆಗಳನ್ನು ಕೂಡಿಸುವ ನಿರಪಾಯಕಾರಿ ಉಪಕರಣದ ವಿವರಣೆಯೊಳಗೆ, ಬಳಕೆದಾರನ ಗುಪ್ತ ಕಡತವನ್ನು ಓದಿ ಜೊತೆಗೆ ಕಳುಹಿಸೆಂಬ ಆದೇಶವನ್ನು ಅಡಗಿಸಿಡಬಹುದು. ಮನುಷ್ಯನ ಕಣ್ಣಿಗೆ ಅದು ಬೀಳದೆ ಇರಬಹುದು. ಏಜೆಂಟು ಓದುತ್ತದೆ, ಪಾಲಿಸಲೂಬಹುದು. ಇದಕ್ಕೆ ಉಪಕರಣ-ವಿಷಪ್ರಯೋಗವೆಂಬ ಹೆಸರು ಬಂತು. ವೀಲರನ ಕಾಲದಲ್ಲಿ ಕೆಟ್ಟ ವಿವರಣೆಯೆಂದರೆ ಅಸ್ಪಷ್ಟವಾದುದು. ಈಗ ಸ್ಪಷ್ಟವಾಗಿದ್ದೂ ದುಷ್ಟವಾದ ವಿವರಣೆ ಸಾಧ್ಯವಾಗಿದೆ. ವಿವರಣೆಯೇ ಆಜ್ಞೆಯ ಬಲ ಪಡೆದುದರ ಫಲ ಇದು.

ಉಳಿದದ್ದು ಸ್ವಾಮಿತ್ವ. ಎಂಸಿಪಿಯಲ್ಲಿ ಉಪಕರಣಕ್ಕೆ ಹೆಸರಿದೆ, ವಿವರಣೆಯಿದೆ, ಪ್ಯಾರಾಮೀಟರುಗಳ ರೂಪವಿದೆ, ಈಚೆಗೆ ಸೇರಿದ ಗುರುತುಗಳಿವೆ. ಸಂದೇಹ ಬಂದರೆ ಯಾರನ್ನು ಕೇಳಬೇಕು, ಕೊನೆಯದಾಗಿ ಇದನ್ನು ತಿದ್ದಿದವರು ಯಾರು ಎಂದು ಹೇಳುವ ಅಂಕಣ, ೧೯೭೧ರ ಕೈಪಿಡಿಯ ಪುಟಪುಟದ ಕೆಳಗೂ ಇದ್ದ ಆ ಒಂದು ಸಾಲು, ಅದರಲ್ಲಿ ಇನ್ನೂ ಕಾಣಿಸಿಕೊಂಡಿಲ್ಲ.